ಕಾರಿಡಾರಿನಲ್ಲಿ ಕೇಳಿದ ಮಾಫಿ

ದೇಶವೊಂದು ಬೆಳೆಯುವಾಗ ಅದರ ಪ್ರಜೆಗಳಿಗೆ ಸುಸ್ತಾಗುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ನನಗಂತೂ ಆಗಿದೆ. ಬೆಳಿಗ್ಗೆ ಆಫೀಸಿನಲ್ಲಿ ಕುರ್ಚಿ ಎಳೆದುಕೊಳ್ಳುವ ಮೊದಲೇ ಧಾರವಾಡದ ಪಾಟೀಲರು, "ನಾವೀಗ ದೊಡ್ಡ ಶಕ್ತಿ ಆಗೇವ್ರಿ ಸರ, ಸುತ್ತಲಿನವ್ರ ಮ್ಯಾಲೆ ಒಂದು ಕಣ್ಣು ಇಟ್ಟಿರಬೇಕು" ಎನ್ನುತ್ತಾರೆ. ಪಾಟೀಲರು ಸಿವಿಲ್ ಎಂಜಿನಿಯರು. ಗೋಡೆಯಲ್ಲಿ ಬಿರುಕು ಹುಡುಕುವ ಕಣ್ಣಿನಿಂದಲೇ ಜಲಸಂಧಿ, ಬಂದರು, ಗಡಿಗಳನ್ನೂ ನೋಡುತ್ತಾರೆ. ಕೇಳಿ ಕೇಳಿ ನನಗೂ ಆ ರೋಗ ಹತ್ತಿತು. ಯಾವ ವಸ್ತುವೂ ಅದಿರುವ ಜಾಗದಲ್ಲಿ ಸುಮ್ಮನೆ ಇಲ್ಲ, ಯಾರೋ ಉದ್ದೇಶವಿಟ್ಟುಕೊಂಡೇ ಅಲ್ಲಿಟ್ಟಿದ್ದಾರೆ ಎಂಬ ಅನುಮಾನ.

ನಾವಿರುವುದು ಗಲ್ಫಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಹಳೆಯ ಕಟ್ಟಡದಲ್ಲಿ. ಎದುರು ಬಾಗಿಲು ಪಾಕಿಸ್ತಾನದ ಇರ್ಫಾನ್ ಭಾಯಿಯದು. ಅಲ್ ಮೀನಾದಲ್ಲಿ ಅವರ ಕಾರ್ಪೆಟ್ ಅಂಗಡಿ. ಮೂರನೇ ಕ್ಲಾಸಿನ ನಮ್ಮ ಅನನ್ಯಾ ಸ್ಕೂಲ್ ಬಸ್ಸಿನಿಂದ ಇಳಿದು ನೇರ ಅವರ ಮನೆಗೆ ಹೋಗುತ್ತಾಳೆ. ನನ್ನ ಹೆಂಡತಿ ಸುಮತಿ ಸಂಜೆ ಕ್ಲಿನಿಕ್ಕಿನಿಂದ ಬರುವವರೆಗೆ ಇರ್ಫಾನ್ ಭಾಯಿಯ ಹೆಂಡತಿ ನಸ್ರೀನ್ ಬಾಜಿ ಅವಳಿಗೆ ಊಟ ಹಾಕಿ, ಹೋಂವರ್ಕ್ ಮಾಡಿಸಿ, ಮಲಗಿಸುತ್ತಾರೆ. ಈ ಏರ್ಪಾಡು ಕೆಟ್ಟರೆ ಸುಮತಿ ಕೆಲಸ ಬಿಡಬೇಕು. ಸುಮತಿ ಕೆಲಸ ಬಿಟ್ಟರೆ ನಾವು ಊರು ಬಿಡಬೇಕು. ನಮ್ಮ ಪ್ರದೇಶದ ಭದ್ರತೆ ಎಂದರೆ ಇಷ್ಟೇ: ಮಗು ಬೆಲ್ ಒತ್ತಿದಾಗ ಎದುರು ಬಾಗಿಲು ತೆರೆಯಬೇಕು.

ಆ ವಾರ ನಮ್ಮಿಬ್ಬರ ದೇಶಗಳ ನಡುವೆ ಮಾತು ಬಿಗಿದಿತ್ತು. ಟಿವಿಯೊಳಗೆ ಎಲ್ಲರೂ ಏಕಕಾಲಕ್ಕೆ ಕೂಗುತ್ತಿದ್ದರು. ಅದೇ ವಾರ, ಕಾರಿಡಾರಿನಲ್ಲಿದ್ದ ನಮ್ಮ ಶೂ ರ್‍ಯಾಕು ನಮ್ಮ ಬಾಗಿಲಿನ ಕಡೆಗೆ ಸರಿದಿರುವುದು ನನಗೆ ಕಂಡಿತು. ಎಷ್ಟು ಸರಿದಿತ್ತು? ಪಾಟೀಲರಿಗೆ ಒಂದು ಗೇಣು ಎಂದೆ, ಸುಮತಿಗೆ ಒಂದು ಮೊಳ ಎಂದೆ. ಈಗ ನೆನೆದರೆ ಅದು ಸರಿದಿತ್ತೋ, ನಾನು ನಿಂತ ಜಾಗ ಬದಲಾಗಿತ್ತೋ ಹೇಳಲಾರೆ. ಸಣ್ಣದೊಂದು ಬಡ್ತಿ ಸಿಕ್ಕ ಖುಷಿಯಲ್ಲಿ ಹಳೆಯದಕ್ಕಿಂತ ಅಗಲವಾದ ರ್‍ಯಾಕನ್ನು ತಂದಿಟ್ಟವನು ನಾನೇ ಎಂಬುದನ್ನು ಪಾಟೀಲರು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

"ಇದು ಶೂ ರ್‍ಯಾಕ್ ಅಲ್ರಿ ಸರ, ನಿಮ್ಮ ಧೈರ್ಯ ಅಳೀಲಿಕ್ಕತ್ತಾರ" ಎಂದರು ಪಾಟೀಲರು. "ಇವತ್ತ ಸುಮ್ನಿದ್ರ ನಾಳೆ ಅಲ್ಲೇ ಸೋಫಾ ಹಾಕ್ತಾರ, ನೋಡ್ತಿರ್ರಿ."

ಅಂದು ಸಂಜೆ ಲಿಫ್ಟಿನ ಮುಂದೆ ಇರ್ಫಾನ್ ಭಾಯಿ ಸಿಕ್ಕರು. ರ್‍ಯಾಕಿನ ಕಡೆ ಗಲ್ಲ ಎತ್ತಿ ತೋರಿಸುತ್ತ, ನಮ್ಮಿಬ್ಬರ ನಡುವೆ ಏನಾದರೂ ತೊಂದರೆ ಇದೆಯೇ ಎಂದು ನನ್ನ ಉಡುಪಿಯ ಹಿಂದಿಯಲ್ಲಿ ಕೇಳಿದೆ. ದಿನವಿಡೀ ಗಿರಾಕಿಗಳಿಗೆ ಕಾರ್ಪೆಟ್ ಬಿಚ್ಚಿ ಸುತ್ತಿ ದಣಿದಿದ್ದ ಆ ಮನುಷ್ಯ ನಕ್ಕು, ಕೈಯೆತ್ತಿ, ಒಂದೇ ಮಾತು ಹೇಳಿದರು: "ಮಾಫಿ."

ನನ್ನ ಎದೆ ತುಂಬಿತು. ಕ್ಷಮೆ! ಅದೂ ಇಷ್ಟು ಸಲೀಸಾಗಿ! ದೊಡ್ಡ ಶಕ್ತಿಯಾದವನು ಉದಾರಿಯಾಗಿರಬೇಕಲ್ಲ. ಅವರ ಹೆಗಲು ತಟ್ಟಿ, "ಮಾಫ್ ಕರ್ ದಿಯಾ ಭಾಯ್, ಆಗೇ ಸೆ ಮತ್ ಕರ್‍ನಾ" ಎಂದೆ. ಕ್ಷಮಿಸಿದ್ದೇನೆ, ಇನ್ನು ಮುಂದೆ ಹೀಗೆ ಮಾಡಬೇಡ ಎಂದು. ಅವರ ನಗು ಆರಿತು. ಅವರು ಏನೋ ಹೇಳಲು ಬಾಯಿ ತೆರೆದರೆಂದೂ ನೆನಪು. ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಮರುದಿನ ಪಾಟೀಲರು ಆಫೀಸಿಗೆಲ್ಲ ಜಿಲೇಬಿ ಹಂಚಿದರು. ಸಂಜೆ ಸುಮತಿ ಬಂದವಳು ಬ್ಯಾಗನ್ನೂ ಇಳಿಸಲಿಲ್ಲ.

"ಸೋಮವಾರದಿಂದ ಅನನ್ಯಾಳನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ ಅಂದ್ರು ಬಾಜಿ. ನೀವು ಅವರ ಗಂಡನಿಗೆ ಎಂತ ಹೇಳಿದ್ದು ಮಾರಾಯ್ರೆ?"

ನಾನು ಹೇಳಿದೆ. ಹೇಳುವಾಗಲೂ ಗೆದ್ದವನ ಧ್ವನಿ ಸ್ವಲ್ಪ ಉಳಿದಿತ್ತು. ಸೋಫಾದ ಮೇಲಿಂದ ಅನನ್ಯಾ ತಲೆಯೆತ್ತದೆ, "ಪಪ್ಪಾ, ದಟ್ಸ್ ಅರೇಬಿಕ್. ಮಾಫಿ ಮೀನ್ಸ್ ನಥಿಂಗ್. ಜ್ಯೂಸ್ ಮುಗಿದ್ರೂ ಅಂಕಲ್ ಮಾಫಿ ಅಂತಾರೆ" ಎಂದಳು.

ಮಾಫಿ ಎಂದರೆ 'ಇಲ್ಲ' ಎಂದು ನನಗೆ ಗೊತ್ತಿಲ್ಲವೇ? ಬಂದ ವರ್ಷವೇ ಕಲಿತ ಮಾತು. ತರಕಾರಿಯವನಿಗೆ, ಟ್ಯಾಕ್ಸಿಯವನಿಗೆ ನಾನೇ ದಿನಕ್ಕೆ ಎಷ್ಟು ಸಲ ಅನ್ನುತ್ತೇನೋ. ಆದರೆ ಆ ವಾರ, ಆ ಬಾಯಿಂದ, ನನ್ನ ಕಿವಿಗೆ ಉರ್ದುವೇ ಬೇಕಾಗಿತ್ತು.

"ಏನೂ ತೊಂದರೆ ಇಲ್ಲ ಅಂದವರನ್ನು ಕ್ಷಮಿಸಿ ಬಂದದ್ದಾ ನೀವು?" ಎಂದಳು ಸುಮತಿ. "ಈಗಲೇ ಹೋಗಿ. ಇಲ್ಲದಿದ್ರೆ ಸೋಮವಾರ ನಿಮ್ಮ ಪಾಟೀಲರು ಬಂದು ಮಗುವಿಗೆ ಊಟ ಹಾಕ್ತಾರಾ?"

ಹೋದೆ. ತಪ್ಪು ನನ್ನದು, ಭಾಷೆಯದು, ಟಿವಿಯದು ಎಂದು ಒಂದೇ ಉಸಿರಿಗೆ ಹೇಳಿದೆ. "ನಾನು ಇನ್ನೇನೋ ಅಂದುಕೊಂಡೆ," ಎಂದರು ಇರ್ಫಾನ್ ಭಾಯಿ. "ನೀವು ನನ್ನ ಇಡೀ ದೇಶವನ್ನು ಕ್ಷಮಿಸಿ, ರಸೀದಿಯನ್ನು ನನ್ನ ಕೈಗೆ ಕೊಟ್ಟಿರಿ ಅಂತ." ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಒಳಗಿನಿಂದ ಬಾಜಿ, "ಸೋಮವಾರ ಬಚ್ಚಿಯನ್ನು ಕಳಿಸಿ, ಅವಳಿಗೆ ಆಲೂ ಪರಾಠಾ ಬೇಕಂತೆ" ಎಂದರು. ಚಹಾ ಬಂತು.

ಅಷ್ಟಕ್ಕೇ ಎದ್ದು ಬರಬೇಕಿತ್ತು. ಆದರೆ ಕುತೂಹಲ ತಡೆಯದೆ, "ಈ ವಾರ ಮನೆಯಲ್ಲಿ ನಮ್ಮ ಬಗ್ಗೆ ಏನು ಮಾತಾಡಿಕೊಂಡಿರಿ?" ಎಂದು ಕೇಳಿದೆ.

"ನಿಮ್ಮ ಬಗ್ಗೆ?" ಇರ್ಫಾನ್ ಭಾಯಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದರು. ನಂತರ ಧ್ವನಿ ತಗ್ಗಿಸಿ ಛಾವಣಿಯ ಕಡೆ ಬೆರಳು ತೋರಿಸಿದರು. ಮೇಲಿನ ಮನೆಯವನ ಎಸಿ ನೀರು ಇವರ ಬಾಲ್ಕನಿಗೆ ತೊಟ್ಟಿಕ್ಕುತ್ತಿದೆಯಂತೆ. ವಾರವಿಡೀ ಮನೆಯಲ್ಲಿ ಅದೊಂದೇ ಮಾತಂತೆ. "ಅಸಲಿ ದುಶ್ಮನ್ ಅವನು, ಭಾಯ್. ನೀವು ಯಾರು, ಪಾಪ!"

ಮಗುವಿನ ಊಟ ಗಟ್ಟಿಯಾಯಿತು, ಸುಮತಿಯ ಕೆಲಸ ಉಳಿಯಿತು. ಸಮಾಧಾನವಾಗಬೇಕಿತ್ತು. ಆದರೆ ಆ ರಾತ್ರಿ ನಾನು ಸರಿಯಾಗಿ ಉಣ್ಣಲಿಲ್ಲ. ದೊಡ್ಡ ಶಕ್ತಿಯ ತಟ್ಟೆಯಲ್ಲಿ ಆ 'ಪಾಪ' ಕುಳಿತಿತ್ತು.