ಹತ್ತು ಸಾವಿರ ಓಮ್

ಹಿರೇಕೆರೂರಿನ ಡ್ರಾಯಿಂಗ್ ಮಾಸ್ತರ ಶಂಭುಲಿಂಗನ ಭಾನುವಾರ ಕೆಟ್ಟದ್ದು ಒಂದು ಕಸಬರಿಗೆಯಿಂದ. ರಟ್ಟೀಹಳ್ಳಿಯಲ್ಲಿ ಮುಚ್ಚಿಹೋದ ಟೂರಿಂಗ್ ಟಾಕೀಸಿನ ಹಳೆಯ ಗಾಜಿನ ವಾಲ್ವುಗಳನ್ನು ತಂದು, ಮಳೆಗಾಲವಿಡೀ ಕೂತು ಅವನು ಕಟ್ಟಿದ ಹಾಡಿನ ಆಂಪ್ಲಿಫೈಯರ್ ಪೆಟ್ಟಿಗೆ ಪಡಸಾಲೆಯಲ್ಲಿತ್ತು. ಚಳಿಗೆ ಮೊಸರು ಹೆಪ್ಪಾಗಿಲ್ಲವೆಂದು ಅತ್ತೆ ದಾನವ್ವನ ಗೊಣಗಾಟ ಕೇಳಿ ಕೇಳಿ ಸಾಕಾಗಿದ್ದ ಅವನ ಹೆಂಡತಿ ಸುಧಾರಾಣಿ, ಕಸ ಗುಡಿಸಲು ಬಂದವಳು ಪ್ಲಗ್ ಕಿತ್ತು ಪೆಟ್ಟಿಗೆ ಸರಿಸಿದಳು. ಮರುಕ್ಷಣ ಶಾಕ್ ಹೊಡೆದು ಕಸಬರಿಗೆ ಒಂದು ಕಡೆ, ಅವಳು ಇನ್ನೊಂದು ಕಡೆ.

“ಪ್ಲಗ್ ಕಿತ್ತಿದ್ರೂ ಹೊಡೀತೈತಲ್ರಿ! ಸಂಜಿ ಒಳಗ ಸರಿ ಮಾಡ್ರಿ, ಇಲ್ಲಾಂದ್ರ ಗುಜರಿಯವಗ ಹಾಕ್ತೇನಿ.”

“ನಳ ಬಂದ್ ಮಾಡಿದ್ರೂ ಕೊಡದಾಗ ನೀರು ಇರತಾವಲ್ಲ, ಹಂಗ ಇದರ ಕೆಪಾಸಿಟರಿನ್ಯಾಗ ಕರೆಂಟ್ ಉಳೀತೈತಿ. ಅದನ್ನ ಬಸಿಯಾಕ ಒಂದು ಬ್ಲೀಡರ್ ರೆಸಿಸ್ಟರ್ ಹಾಕಿದ್ರ ಮುಗೀತು.”

“ಮತ್ತ ಮೊದಲ ಯಾಕ ಹಾಕಲಿಲ್ಲ?”

ಶಂಭುಲಿಂಗ ಚಪ್ಪಲಿ ಮೆಟ್ಟಿದ.

ಮೋಟಾರು ರಿವೈಂಡಿಂಗ್ ಮಾಡುವ ಮುಜಾಫರನ ಅಂಗಡಿಗೆ ಹೊರಟರೆ, ಕರೆಯದೆಯೇ ಜೊತೆಗೆ ಬಂದವನು ಪಕ್ಕದ ಮನೆಯ ಫಕ್ಕೀರಪ್ಪ, ನಿವೃತ್ತ ಲೈನ್‌ಮನ್.

“ಒಂದು ಲಕ್ಷ ಓಮಿನ ರೆಸಿಸ್ಟರ್ ಕೊಡಪಾ,” ಎಂದ ಶಂಭುಲಿಂಗ. “ಓಮ್ ಹೆಚ್ಚಾದಷ್ಟು ಕರೆಂಟ್ ಸಾವಕಾಶ ಹರೀತೈತಿ. ತಣ್ಣಗಿರತೈತಿ, ಅರ್ಧ ನಿಮಿಷದಾಗ ಎಲ್ಲಾ ಬಸಿದು ಹೋಗತೈತಿ.”

“ಅರ್ಧ ನಿಮಿಷ?” ಫಕ್ಕೀರಪ್ಪ ನಕ್ಕ. “ಕೈಯಾಗ ಕಸಬರಿಗಿ ಇದ್ದಾಗ ನಿಮ್ಮ ಮನಿಯವರು ಅರ್ಧ ನಿಮಿಷ ತಡೀತಾರೇನ್ರಿ ಮಾಸ್ತರ? ಹತ್ತು ಸಾವಿರದ್ದು ಹಾಕ್ರಿ. ಒಂದ ಉಸಿರಿನ್ಯಾಗ ಖಾಲಿ!”

“ಅದು ಕಾದು ಹಂಚಾಗತೈತ್ರಿ.”

“ಹೆಂಡ್ತಿ ಸಿಟ್ಟಿಗಿಂತ ಅದರ ಬಿಸಿ ಛಲೋ ಅಲ್ರಿ?”

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಹೌದ್ಹೌದು ಎಂದರು. ಓಮ್ ಎಂದರೇನೆಂದು ಗೊತ್ತಿಲ್ಲದವರದೇ ದನಿ ಜೋರು. ಮುಜಾಫರ ಡಬ್ಬಿ ತಡಕಾಡಿ, ಬೆರಳುದ್ದದ ಬಿಳಿ ಪಿಂಗಾಣಿ ಕಡ್ಡಿಯೊಂದರ ಧೂಳು ಊದಿದ. “ಇರೋದ ಇದೊಂದ ರೀ ಸರ್. ಹತ್ತು ಸಾವಿರದ್ದು.”

ಮಧ್ಯಾಹ್ನ ಓಣಿಯೇ ಪಡಸಾಲೆಯಲ್ಲಿ ನೆರೆಯಿತು. ಕಡ್ಡಿಯನ್ನು ಒಳಗೆ ಬೆಸೆದು ಮುಗಿಸಿದ್ದ ಶಂಭುಲಿಂಗ ಪೆಟ್ಟಿಗೆ ಒಮ್ಮೆ ಚಾಲೂ ಮಾಡಿ, ಪ್ಲಗ್ ಕಿತ್ತು ಮೀಟರ್ ಹಿಡಿದ. ಸೊನ್ನೆ ತೋರಿಸಿತು.

“ಮೀಟರ್ ಇರಲಿ, ನೀವ ಮುಟ್ರಿ,” ಎಂದಳು ಸುಧಾರಾಣಿ.

ಮನೆದೇವರನ್ನು ನೆನೆದು ಮುಟ್ಟಿದ. ಏನೂ ಆಗಲಿಲ್ಲ. ಗೆದ್ದ ಹುರುಪಿನಲ್ಲಿ ಮತ್ತೆ ಚಾಲೂ ಮಾಡಿದ. ಹಾಡು ಶುರುವಾಗುವ ಮೊದಲೇ ಮುಚ್ಚಳದ ತಗಡು ಕಾಯತೊಡಗಿತು. ಸುಧಾರಾಣಿ ಅದರ ಮೇಲೆ ಅಂಗೈ ಇಟ್ಟು ನೋಡಿ, ಒಳಗೆ ಹೋದಳು. ಗುಜರಿಯವನಿಗೆ ಫೋನ್ ಹೋಯಿತೆಂದುಕೊಂಡು ಶಂಭುಲಿಂಗ ಪೆಟ್ಟಿಗೆಗೆ ಅಡ್ಡ ನಿಂತ.

ಅವಳು ಬಂದದ್ದು ಹೆಪ್ಪು ಹಾಕಿದ ಹಾಲಿನ ಗಡಿಗೆ ಹಿಡಿದು. ಮುಚ್ಚಳದ ಮೇಲೆ ಗೋಣಿತಟ್ಟು ಮಡಚಿ ಹಾಸಿ, ಗಡಿಗೆ ಇಟ್ಟು, “ಯಾರೂ ಮುಟ್ಟಬ್ಯಾಡ್ರಿ” ಎಂದಳು.

ಸಂಜೆಗೆ ಚಾಕುವಿನಿಂದ ಕೊಯ್ಯುವಂಥ ಮೊಸರು! ದಾನವ್ವ ಎರಡು ಸಲ ಬಡಿಸಿಕೊಂಡಳು. ಸುಧಾರಾಣಿಯ ಮುಖ ಅರಳಿತು.

“ಇದನ್ನ ಗುಜರಿಗೆ ಹಾಕಾಕ ನನಗೇನ ಹುಚ್ಚ ಹಿಡದೈತೇನ್ರಿ?” ಎನ್ನುತ್ತ ರಾತ್ರಿಯ ಗಡಿಗೆಯನ್ನೂ ತಂದಿಟ್ಟಳು.

ಪೆಟ್ಟಿಗೆ ಉಳಿಯಿತಲ್ಲ ಎಂದು ಹಿಗ್ಗಿ ಶಂಭುಲಿಂಗ ಹಾಡು ಹಚ್ಚಿದ. ಗಡಿಗೆಯಲ್ಲಿ ಹಾಲು ನಡುಗಿತು.

“ಬಂದ್ ಮಾಡ್ರಿ! ಅಲಗಾಡಿದ್ರ ಹೆಪ್ಪು ಒಡೀತೈತಿ!”

ಅವನು ಪ್ಲಗ್ಗಿಗೆ ಕೈ ಹಾಕಿದ.

“ಪ್ಲಗ್ ಅಲ್ರಿ! ಹಾಡಷ್ಟ ಬಂದ್ ಮಾಡ್ರಿ!”

ಅಷ್ಟರಲ್ಲಿ ಫಕ್ಕೀರಪ್ಪ ತನ್ನ ಮನೆಯ ಗಡಿಗೆ ಹೊತ್ತು ಬಂದ. “ಹತ್ತು ಸಾವಿರ ಅಂದಾಂವ ನಾನ ರೀ, ಮೊದಲ ಪಾಳಿ ನಂದು.” ಅವನ ಹಿಂದೆ ಹಿತ್ತಲ ಮನೆಯ ಮುದಕವ್ವನೂ ಸೆರಗಿನಲ್ಲಿ ಗಡಿಗೆ ಮುಚ್ಚಿಕೊಂಡು ನಿಂತಿದ್ದಳು. ಕೆಂಪಗೆ ಹೊಳೆಯುವ ವಾಲ್ವುಗಳನ್ನೂ ಅವುಗಳೆದುರು ಸಪ್ಪಗೆ ಕೂತ ಮಾಸ್ತರನನ್ನೂ ನೋಡಿ ಕೇಳಿದಳು:

“ದಾನವ್ವಾ, ಇದರಾಗ ಹಾಡು ಬರತಾವಂತಲ್ಲ?”

“ಮೊದಲ ಬರತಿದ್ವು ಅಕ್ಕಾ,” ಎಂದಳು ದಾನವ್ವ. “ಇವತ್ತ ರಿಪೇರಿ ಆತು.”