ಮಾವ ಹಾಕಿದ ಟವೆಲ್

ನನ್ನ ಸೋದರಮಾವ ಬಸ್ಸಿನಲ್ಲಿ ಸೀಟು ಹಿಡಿದರೆಂದರೆ ಯಮಧರ್ಮರಾಯನೇ ಬಂದರೂ ಬಿಟ್ಟುಕೊಡುವವರಲ್ಲ! ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವರು ಸೀಟು ಹಿಡಿಯುತ್ತಿದ್ದುದು ನನಗಾಗಿ.

ಎಂಬತ್ತರ ದಶಕದ ಆರಂಭ. ನಾನು ತ್ಯಾವಣಿಗೆಯಿಂದ ಚನ್ನಗಿರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರೂ ಮಾಡುವ ಕೆಲಸವೇ. ಆದರೆ ಎಸೆದ ಟವೆಲ್ ಮೇಲೆ ತಾವೇ ಹೋಗಿ ಕೂತು, ನಾನು ಬಂದರೂ ಏಳದೆ ಉಪದೇಶ ಮಾಡುತ್ತಿದ್ದವರು ನಮ್ಮ ಮಾವ ಒಬ್ಬರೇ.

“ಕೈ ಹೊರಗೆ ಹಾಕಬ್ಯಾಡವ್ವ. ಬಸ್ ಪೂರಾ ನಿಂತ ಮ್ಯಾಲೆ ಇಳಿ. ಬುತ್ತಿ ತಿನ್ನಾಕೆ ಮರಿಬ್ಯಾಡ.”

“ಆಯ್ತು ಮಾವ, ಇಳೀರಿ, ಬಸ್ ಹೊಂಟೈತೆ!”

ಇಳಿದರೆ ತಾನೆ? ಬಸ್ಸು ಊರು ದಾಟಿರುತ್ತಿತ್ತು. ಕಂಡಕ್ಟರ್ ಗೊಣಗುತ್ತಲೇ ಅವರಿಗೆ ದಾರಿಯಲ್ಲಿನ ಕೆರೆಬಿಳಚಿಗೆ ಟಿಕೆಟ್ ಹರಿಯುತ್ತಿದ್ದ. ವಾರಕ್ಕೆರಡು ಸಲವಾದರೂ ಮಾವ ಅಲ್ಲಿಳಿದು, ಟೀ ಕುಡಿದು, ಎದುರು ಬಸ್ಸಿಗೆ ವಾಪಸ್ಸಾಗುತ್ತಿದ್ದರು. ಕೆರೆಬಿಳಚಿಯಲ್ಲಿ ಇವರಿಗೇನು ಕೆಲಸ ಎಂದು ಅತ್ತೆಗೇ ಗುಮಾನಿ ಬಂದಿತ್ತು!

ನನ್ನ ಪರೀಕ್ಷೆಯ ದಿನ ಹೊನ್ನಾಳಿ ಬಸ್ಸಿಗೆ ಟವೆಲ್ ಎಸೆದುಬಿಟ್ಟರು. ಬೋರ್ಡು ಓದುವ ಪುರುಸೊತ್ತೆಲ್ಲಿ? ಯಾರೊಂದಿಗೋ ಜಗಳಾಡಿ, ಗೆದ್ದು, ಸೀಟಿನಲ್ಲಿ ಕೂತು ನನ್ನನ್ನು ಕೂಗುತ್ತಿದ್ದರು. ಅವರನ್ನು ಇಳಿಸಿಕೊಂಡು ಬರುವಷ್ಟರಲ್ಲಿ ಚನ್ನಗಿರಿ ಬಸ್ಸು ಹೋಗಿಯೇಬಿಟ್ಟಿತು. ಪರೀಕ್ಷೆಗೆ ಅರ್ಧ ಗಂಟೆ ತಡ!

“ನಾಳೆಯಿಂದ ಬಸ್‌ಸ್ಟ್ಯಾಂಡ್ ಕಡೆ ಬರಬ್ಯಾಡ್ರಿ! ನಿಮ್ಮಿಂದ ನನ್ನ ಮರ್ಯಾದೆ ಹೋಗೈತೆ!” ಎಂದು ಎಲ್ಲರೆದುರು ಕಿರುಚಿದೆ. ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದರು.

ಮರುದಿನ ಮಾವ ಇರಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಅವರ ಕೆಂಪಂಚಿನ ಟವೆಲ್ ಇತ್ತು.

“ನಿಮ್ಮ ಮಾವ ಹಾಕಿ ಹೋಗ್ಯಾರೆ. ಅವರು ಬಂದೇ ಇರ್ಲಿಲ್ಲ ಅಂತ ನಿಮಗೆ ಹೇಳಾಕೆ ಹೇಳ್ಯಾರೆ,” ಎಂದ ಕಂಡಕ್ಟರ್. ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ!

ಮೂರು ವರ್ಷ ಕಳೆಯಿತು. ಮಾವನಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ಬದುಕುವುದು ಅರ್ಧಕ್ಕರ್ಧ ಎಂದಿದ್ದರು ಡಾಕ್ಟರು. ಚನ್ನಗಿರಿ ಮಾರ್ಗವಾಗಿ ಶಿವಮೊಗ್ಗದ ಆಸ್ಪತ್ರೆಗೆ ಅವರ ಮಗ ಕರೆದೊಯ್ಯುತ್ತಿದ್ದ. ನಾನು ಬೀಳ್ಕೊಡಲು ಬಂದಿದ್ದೆ, ಅಷ್ಟೆ.

ಬಸ್ಸು ಬಂತು. ಮಾವನಿಗೆ ಹೆಗಲ ಮೇಲಿನ ಟವೆಲ್ ಎತ್ತುವ ಶಕ್ತಿಯೂ ಇರಲಿಲ್ಲ. ನಾನೇ ಎಳೆದುಕೊಂಡು ಕಿಟಕಿಯೊಳಗೆ ಎಸೆದೆ, ನುಗ್ಗಿದೆ, ಯಾರೋ ಇಬ್ಬರ ಕೈಲಿ ಬೈಸಿಕೊಂಡೆ, ಸೀಟು ಹಿಡಿದೆ. ಅವರನ್ನು ಕೂರಿಸಿ, ಮಗ ಚೀಲಗಳೊಂದಿಗೆ ಹತ್ತುವಷ್ಟರಲ್ಲಿ ಪಕ್ಕದಲ್ಲೇ ಕೂತೆ.

“ಕೈ ಹೊರಗೆ ಹಾಕಬ್ಯಾಡ್ರಿ ಮಾವ. ಬಸ್ ಪೂರಾ ನಿಂತ ಮ್ಯಾಲೆ ಇಳೀರಿ. ಡಾಕ್ಟರು ಹೇಳಿದ್ದು ಕೇಳ್ರಿ. ವಾಪಸ್ ಬರ್ರಿ.”

“ಇಳಿಯವ್ವ, ಬಸ್ ಹೊಂಟೈತೆ.”

ಅವರ ಕೈ ಬಿಡಲು ನನಗೆ ಮನಸ್ಸೇ ಬರಲಿಲ್ಲ. ಬಸ್ಸು ಊರು ದಾಟಿತು. ಕಂಡಕ್ಟರ್ ಬಂದು ಕೇಳಿದ, “ನಿಮಗೆ ಎಲ್ಲಿಗ್ರಿ?”

“ಕೆರೆಬಿಳಚಿ,” ಎಂದೆ.