ರಷ್ಯಾದ ನಾಟಕಕ್ಕೆ ಆನೆ ಪಟಾಕಿ

ಹನಗೋಡಿನ ಪಕ್ಕದ ನಮ್ಮೂರಿಗೆ ಒಂದು ರಷ್ಯನ್ ನಾಟಕದ ಕೊರತೆಯಿದೆ ಎಂಬುದು ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಆರು ತಿಂಗಳು ಕೂತು, ನಗಿಸುತ್ತಲೇ ಅಳಿಸುವ ಹಳೆಯ ನಾಟಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ಪೌರಾಣಿಕ ನಾಟಕ ಆಡಿ ಪಳಗಿದ ನಮ್ಮೂರ ನಟರು ಕಿರೀಟ ಕಳಚಿಟ್ಟು ಕೋಟು ತೊಟ್ಟರು. ಕೊನೆಯಲ್ಲಿ ನಾಯಕ ಒಳಗೆ ಹೋಗುತ್ತಾನೆ, ಒಂದು ಗುಂಡಿನ ಸದ್ದು, ಪರದೆ. ಆ ಸದ್ದಿನ ಘನ ಜವಾಬ್ದಾರಿಯನ್ನು ನಿರ್ದೇಶಕನಾದ ನಾನೇ ಹೊತ್ತೆ.

"ಹಲಗೆ ಮೇಲೆ ಹಲಗೆ ಬಡೀರಿ, ಸಾಕು," ಎಂದಳು ಹೆಂಡತಿ ಸರೋಜ.

"ನೈಜತೆ ಬೇಕು ಕಣೇ!" ಎಂದು ನಾನು ಹುಣಸೂರಿನಿಂದ ಎರಡು ಆನೆ ಪಟಾಕಿ ತಂದೆ. ಕಾಡಿನಿಂದ ಹೊಲಕ್ಕೆ ನುಗ್ಗುವ ಆನೆಗಳನ್ನು ಓಡಿಸಲು ನಮ್ಮವರು ಹಚ್ಚುವ ಪಟಾಕಿ ಅದು. ಅದರ ಸದ್ದು ನಮ್ಮೂರಿನ ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ಆಗ ರಷ್ಯಾದಲ್ಲಿದ್ದೆ!

ಜೋಳ ತೆನೆ ಕಟ್ಟಿದ ಕಾಲ. ರಾತ್ರಿ ಹೊಲದ ಕಾವಲಿಗೆ ಹೋಗುವವರಿಗೆ ಅನುಕೂಲವಾಗಲೆಂದು ಸಂಜೆ ನಾಲ್ಕಕ್ಕೇ ಶಾಲೆಯ ಬಯಲಿನಲ್ಲಿ ನಾಟಕ ಶುರುವಾಯಿತು. ಜನ ನಕ್ಕರು. ಆಮೇಲೆ, ನಾನು ಬಯಸಿದ ಹಾಗೆಯೇ, ಸುಮ್ಮನಾದರು. ಮುಂದೆ ಕೂತಿದ್ದ ಕಾಳಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡನಿಲ್ಲದ ಕಾಳಕ್ಕನಿಗೆ ಶಾಲೆಯ ಹಿಂದಿನ ಒಂದು ಎಕರೆ ಜೋಳವೇ ವರ್ಷದ ಬದುಕು.

ನಾಯಕನ ಪಾತ್ರದ ಮಾದೇವ ವೇದಿಕೆಯಿಂದ ಒಳಗೆ ಬಂದ. ನಾನು ಶಾಲೆಯ ಹಿಂದೆ ಪಟಾಕಿಗೆ ಬೆಂಕಿಯಿಟ್ಟೆ. ಟುಸ್!

ವೇದಿಕೆಯ ಮೇಲೆ ಡಾಕ್ಟರ್ ಪಾತ್ರದವನು, "ಏನದು ಸದ್ದು?" ಎಂದ. ಸದ್ದೇ ಇಲ್ಲ! ಮತ್ತೆ ಕೇಳಿದ.

"ಮೊದ್ಲು ನಿನ್ ಕಿವಿ ತೋರುಸ್ಕೊಳ್ಳಲಾ ಡಾಕ್ಟ್ರೇ!" ಎಂದು ಯಾರೋ ಕೂಗಿದರು. ಜನ ಹೊಟ್ಟೆ ಹಿಡಿದು ನಕ್ಕರು. ಗಾಬರಿಯಲ್ಲಿ ನಾನು ಎರಡನೆಯದನ್ನು ಹಚ್ಚಿದೆ.

ಢಂ!

"ಆನೆ ಬಂದವೆ, ಎದ್ದೇಳ್ರಲಾ!"

ಇಡೀ ಸಭೆ ಎದ್ದು ಹೊಲಗಳ ಕಡೆ ಓಡಿತು. ಆಗತಾನೇ ಸತ್ತಿದ್ದ ಮಾದೇವ ಎಲ್ಲರಿಗಿಂತ ಮುಂದಿದ್ದ! ಹತ್ತಿರದ ದಾರಿ ಕಾಳಕ್ಕನ ಜೋಳದ ನಡುವೆಯೇ; ಮಬ್ಬುಗತ್ತಲಲ್ಲಿ ಯಾರ ಕಾಲಡಿ ಏನು ಮುರಿಯಿತೋ ಯಾರಿಗೂ ತಿಳಿಯಲಿಲ್ಲ.

"ಪಟಾಕಿ ನಂದು" ಎಂಬ ಎರಡು ಮಾತನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬಾಯಿಂದ ಬಂದದ್ದು, "ಹೋಯ್! ಹೋಯ್!" ಇಲ್ಲದ ಆನೆಯನ್ನು ಅಟ್ಟುತ್ತ ನಾನೂ ಅವರ ಹಿಂದೆ ಓಡಿದೆ. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

"ಮೇಷ್ಟ್ರು ನಾಟಕ ಬುಟ್ಟು ಓಡ್ಬಂದವ್ರೆ, ದೊಡ್ ಮನ್ಸ ಕಣ್ಲಾ," ಎಂದು ಯಾರೋ ಹೊಗಳಿದರು. ಅದನ್ನೂ ಸ್ವೀಕರಿಸಿದೆ!

ಬೆಳಿಗ್ಗೆ ಸರೋಜ ಕಾಫಿ ಕೊಡಲಿಲ್ಲ. "ಕಾಳಕ್ಕಂಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ಹೋದೆ.

ಅರ್ಧ ಜೋಳ ನೆಲಕ್ಕೊರಗಿತ್ತು. ಕಾಳಕ್ಕ ಬದುವಿನ ಮೇಲೆ ಕೂತಿದ್ದಳು.

"ನೋಡಿ ಮೇಷ್ಟ್ರೇ, ಒಂದು ತೆನೆನೂ ತಿಂದಿಲ್ಲ. ಸುಮ್ಕೆ ತುಳ್ದಾಕದೆ. ಹೊಟ್ಟೆಗಾದ್ರೂ ತಿಂದಿದ್ರೆ ಸಮಾಧಾನ ಆಯ್ತಿತ್ತು. ಇಂಥ ದಡ್ಡ ಆನೆಯ ನಾ ಕಂಡೇ ಇಲ್ಲ."

"ಕಾಳಕ್ಕ, ಆ ಆನೆ ನಾನೇ," ಎಂದು ಎಲ್ಲವನ್ನೂ ಹೇಳಿದೆ.

ಅವಳು ಮುರಿದ ತೆನೆಯೊಂದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಆನೆ ಆಗಿದ್ರೆ ಪಟಾಕಿ ಹೊಡ್ದು ಓಡಿಸ್ಬೋದಿತ್ತು. ಮೇಷ್ಟ್ರನ್ನ ಏನ್ ಹೊಡ್ದು ಓಡ್ಸನ, ಹೇಳಿ?"

ನಾನು ಪಂಚೆ ಎತ್ತಿ ಕಟ್ಟಿ, ಬಿದ್ದ ದಂಟುಗಳನ್ನು ಒಂದೊಂದಾಗಿ ನಿಲ್ಲಿಸಿ ಬುಡಕ್ಕೆ ಮಣ್ಣು ಒತ್ತತೊಡಗಿದೆ. ಕಾಳಕ್ಕ ಬದುವಿನಿಂದ ಎದ್ದು ಬಂದಳು.

"ಬುಡಿ ಮೇಷ್ಟ್ರೇ," ಎಂದಳು. "ನಿಂತಿರೋದ್ನೂ ತುಳಿತಿದ್ದೀರಿ."